ಒಪ್ಪಿಗೆ ಕೊಡುವ ಕಾಲು

ನಾನು ಕಾಲುಚೀಲದ ಕಾರ್ಖಾನೆಯೊಂದರಲ್ಲಿ ದೂರು ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇರುವವನೇ ನಾನೊಬ್ಬ, ಆದ್ದರಿಂದ ಮುಖ್ಯಸ್ಥನ ಪದವಿಗೆ ಅಂಥ ಪೈಪೋಟಿಯೇನೂ ಇರಲಿಲ್ಲ. ಒಂದು ಮೇಜು, ಒಂದು ಕುರ್ಚಿ, 'ದೂರು ಬಂದಿದೆ' ಎನ್ನುವ ಒಂದು ಮೊಹರು, 'ದೂರು ಬಗೆಹರಿದಿದೆ' ಎನ್ನುವ ಇನ್ನೊಂದು ಮೊಹರು. ಹನ್ನೊಂದು ವರ್ಷದಲ್ಲಿ ಮೊದಲನೆಯ ಮೊಹರನ್ನು ನಾನು ಒತ್ತಿದ್ದು ಮೂರು ಸಲ, ಅದರಲ್ಲಿ ಒಂದು ಸಲ ಶಾಯಿ ಒಣಗಿದೆಯೇ ಎಂದು ನೋಡುವುದಕ್ಕೆ. ಉಳಿದ ಹೊತ್ತಿನಲ್ಲಿ ಪದಬಂಧ ಬಿಡಿಸುತ್ತೇನೆ; ಕಿಟಕಿಯಾಚೆ ಹಿಂದಕ್ಕೆ ಬರುವ ಲಾರಿಗಳಿಗೆ ಮನಸ್ಸಿನಲ್ಲೇ ದಾರಿ ತೋರಿಸುತ್ತೇನೆ. ಇಂಥ ಕೆಲಸ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಜೊತೆಯವರು ಹೊಟ್ಟೆ ಉರಿದುಕೊಳ್ಳುತ್ತಾರೆ. ಪುಣ್ಯವೂ ಇಲ್ಲ, ಮಣ್ಣೂ ಇಲ್ಲ. ದೂರು ಬಾರದಿರುವುದಕ್ಕೆ ಕಾರಣ ನನ್ನ ಭಾವನ ಕಾಲು.

ಭಾವ ಎಂದರೆ ನನ್ನ ಅಕ್ಕನ ಗಂಡ. ನಾನು ಅವರ ಮನೆಯ ಮಹಡಿ ಕೋಣೆಯಲ್ಲಿದ್ದೇನೆ, ಊಟ ಕೆಳಗೆ ಅವರ ಜೊತೆಗೇ. ಕೆಲಸವೂ ಅದೇ ಕಾರ್ಖಾನೆಯಲ್ಲಿ. ನಮ್ಮಲ್ಲಿ ತಯಾರಾಗುವುದು ಮೊಣಕಾಲಿನವರೆಗೆ ಬರುವ ತೆಳ್ಳನೆಯ ನೈಲಾನ್ ಕಾಲುಚೀಲ. ನರ್ಸುಗಳು, ಬಸ್ಸಿನ ಮಹಿಳಾ ಕಂಡಕ್ಟರುಗಳು, ಹೋಟೆಲಿನ ಸ್ವಾಗತದ ಮೇಜಿನವರು ಸಮವಸ್ತ್ರದ ಜೊತೆ ಹಾಕಿಕೊಳ್ಳುವಂಥದ್ದು. ಉಗುರು ತಾಕಿದರೂ ದಾರ ಏಳುತ್ತದೆ. ಒಂದು ದಾರ ಎದ್ದರೆ ಮೇಲಿನಿಂದ ಕೆಳಗಿನವರೆಗೆ ಗೆರೆ ಬಿಟ್ಟುಕೊಳ್ಳುತ್ತದೆ. ಬೇರೆ ಕಾರ್ಖಾನೆಗಳಲ್ಲಿ ಇದನ್ನು ಪರೀಕ್ಷಿಸುವುದಕ್ಕೆ ಗಾಜಿನ ಅಚ್ಚು, ಎಳೆದು ನೋಡುವ ಯಂತ್ರ, ಏನೇನೋ ಇದೆಯಂತೆ. ನಮ್ಮಲ್ಲಿ ಭಾವ ಇದ್ದಾರೆ.

ಹೆಣಿಗೆ ವಿಭಾಗದಿಂದ ಬಂದ ಪ್ರತಿ ಕಟ್ಟಿನಿಂದಲೂ ಭಾವ ಒಂದು ಚೀಲ ತೆಗೆದುಕೊಳ್ಳುತ್ತಾರೆ. ಪ್ಯಾಂಟು ಮಡಚಿ, ಚೀಲ ಹಾಕಿಕೊಂಡು, ಹದಿನಾಲ್ಕು ಮೆಟ್ಟಿಲು ಹತ್ತಿ ಇಳಿದು, ಅದನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ದಾರ ಎದ್ದಿದ್ದರೆ ಇಡೀ ಕಟ್ಟು ವಾಪಸ್. ಏಳದಿದ್ದರೆ ಕಟ್ಟಿನ ಮೇಲೆ 'ಒಪ್ಪಿದೆ' ಎಂದು ಬರೆದು ರುಜು. ಇಪ್ಪತ್ತೆರಡು ವರ್ಷದಿಂದ, ದಿನಕ್ಕೆ ನಲವತ್ತು ಸಲ. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕಾಲು ಸಾಹೇಬರು ಎಂದೇ ಕರೆಯುವುದು, ಮತ್ತು ಅವರು ಅದನ್ನು ಗೌರವವೆಂದೇ ತಿಳಿದಿದ್ದಾರೆ.

ಇನ್ನು ಆ ಕಾಲು ಹೇಗಿತ್ತು ಎಂದು ಹೇಳಬೇಕು. ಒಣಗಿತ್ತು ಎಂದರೆ ಸಾಲದು. ಉಗುರಿನಿಂದ ಗೀರಿದರೆ ಬಿಳಿಯ ಗೆರೆ ಮೂಡಿ ಸಂಜೆಯವರೆಗೂ ಹಾಗೇ ಇರುತ್ತಿತ್ತು. ಫೋನ್ ನಂಬರು ಬರೆದುಕೊಳ್ಳುವುದಕ್ಕೆ ಕಾಗದ ಸಿಗದಿದ್ದಾಗ ಅಕ್ಕ ಅಲ್ಲೇ ಬರೆದುಕೊಂಡದ್ದುಂಟು. ಮದುವೆಯಾದಾಗಿನಿಂದ ಹದಿನೇಳು ಹೊದಿಕೆ ಹರಿದಿವೆ. ಒಮ್ಮೆ ಪಕ್ಕದ ಮನೆಯ ಬೆಕ್ಕು ಪ್ರೀತಿಯಿಂದ ಆ ಕಾಲಿಗೆ ಮೈ ಉಜ್ಜಿ, ಆಮೇಲೆ ಎರಡು ದಿನ ಯಾರ ಮನೆಗೂ ಹೋಗಲಿಲ್ಲ.

ಹೀಗೆ ಎಲ್ಲವೂ ನೆಟ್ಟಗೆ ನಡೆಯುತ್ತಿದ್ದಾಗ ನಮ್ಮ ಮ್ಯಾನೇಜರಿಗೆ ಒಂದು ಯೋಚನೆ ಬಂತು. ಅವರಿಗೆ ಯೋಚನೆ ಬಂದಾಗಲೆಲ್ಲ ಯಾರಾದರೊಬ್ಬರು ಅನುಭವಿಸಬೇಕಾಗುತ್ತದೆ.

"ಕಂಪನಿಗೆ ಐವತ್ತು ವರ್ಷ ತುಂಬ್ತಾ ಇದೆ," ಎಂದು ಅವರು ಭಾವನನ್ನು ಕರೆದು ಹೇಳಿದರು. "ಹೊಸ ಡಬ್ಬಿ ಮಾಡಿಸ್ತಿದೀವಿ. ಡಬ್ಬಿ ಮೇಲೆ ನಿಮ್ಮ ಕಾಲಿನ ಫೋಟೋ ಬರುತ್ತೆ."

ಭಾವ ಆ ದಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದರು. ಮಾರನೆಯ ದಿನ ಫೋಟೋದವನು ಬಂದ. ದೀಪ ಹಚ್ಚಿದ, ಬಿಳಿಯ ಪರದೆ ಕಟ್ಟಿದ, ಸ್ಟೂಲಿನ ಮೇಲೆ ಕಾಲು ಇಡಿಸಿದ. ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿ ತಲೆ ಎತ್ತಿದ.

"ಸಾರ್, ಕಾಲಿಗೆ ಏನೋ ಸುತ್ತಿದೀರಲ್ಲ, ಅದನ್ನ ತೆಗೀರಿ."

"ಏನೂ ಸುತ್ತಿಲ್ಲವಲ್ಲ," ಎಂದರು ಭಾವ.

ಅವನು ಹತ್ತಿರ ಬಂದು, ಬಗ್ಗಿ, ಒಂದು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಕ್ಯಾಮೆರಾಕ್ಕೆ ಮುಚ್ಚಳ ಹಾಕಿ, ಮ್ಯಾನೇಜರನ್ನು ಬದಿಗೆ ಕರೆದ. "ನಾನು ಕಲ್ಲುಗಣಿ ಫೋಟೋನೂ ತೆಗೆದವನು ಸಾರ್, ಕೆಲಸಕ್ಕೆ ಹೆದರೋನಲ್ಲ. ಆದ್ರೆ ಡಬ್ಬಿ ಮೇಲೆ ಇದನ್ನ ಹಾಕಿದ್ರೆ ಜನ ಡಬ್ಬಿ ಮುಟ್ಟಲ್ಲ."

ಮ್ಯಾನೇಜರು ಗಡುವು ಕೊಟ್ಟರು. "ಮುಂದಿನ ತಿಂಗಳು ಹತ್ತನೇ ತಾರೀಕಿನವರೆಗೆ ನೋಡ್ತೀನಿ. ಅಷ್ಟರಲ್ಲಿ ಕಾಲು ಒಂದು ರೂಪಕ್ಕೆ ಬರಬೇಕು. ಇಲ್ಲಾಂದ್ರೆ ಬಟ್ಟೆ ಅಂಗಡಿಯಿಂದ ಗೊಂಬೆ ಕಾಲು ತರಿಸಿ ಇಡ್ತೀನಿ."

ಬಸ್ಸಿನಲ್ಲಿ ಭಾವ ದಾರಿಯುದ್ದಕ್ಕೂ ಕಾಲನ್ನೇ ನೋಡಿಕೊಂಡು ಕುಳಿತಿದ್ದರು. ಇಳಿಯುವಾಗ ಮಾತ್ರ ಹೇಳಿದರು: "ಇಪ್ಪತ್ತೆರಡು ವರ್ಷ ಹತ್ತಿ ಇಳಿದವನು ನಾನು ಕಣಯ್ಯ. ಡಬ್ಬಿ ಮೇಲೆ ಮೆರೆಯೋದು ಗೊಂಬೆ."

ಅವರ ಮುಖ ನೋಡಿ ನನಗೇ ಸಂಕಟವಾಯಿತು. ನೇರವಾಗಿ ಔಷಧಿ ಅಂಗಡಿಗೆ ಕರೆದುಕೊಂಡು ಹೋದೆ. ಇದು ನನ್ನ ಕಾಲ ಮೇಲೆ ನಾನೇ ಹಾಕಿಕೊಂಡ ಕಲ್ಲು ಎಂದು ಆಗ ಗೊತ್ತಿರಲಿಲ್ಲ. ಅಂಗಡಿಯವರು ಕನ್ನಡಕ ಏರಿಸಿಕೊಂಡು ಕಾಲನ್ನು ಬಹಳ ಹೊತ್ತು ನೋಡಿದರು.

"ಸ್ನಾನಕ್ಕೆ ಯಾವ ಸೋಪು ಹಾಕ್ತೀರಿ?"

"ಬಟ್ಟೆ ಸೋಪು."

"ಬಟ್ಟೆಗಲ್ಲ, ಮೈಗೆ ಕೇಳಿದ್ದು."

"ನಾನೂ ಮೈಗೇ ಹೇಳಿದ್ದು."

ಅಂಗಡಿಯವರು ಕುರ್ಚಿ ಎಳೆದುಕೊಂಡು ಕುಳಿತರು. ಅವರು ಹೇಳಿದ್ದು ಇಷ್ಟು: ಸುಡುವ ನೀರು ಬೇಡ, ಉಗುರುಬೆಚ್ಚಗಿರಲಿ. ಮೆತ್ತನೆಯ ಸೋಪು. ಬಟ್ಟೆಯಿಂದ ಹಗುರವಾಗಿ ಉಜ್ಜಿ, ತಿಕ್ಕಬೇಡಿ. ಒರೆಸಿಕೊಂಡ ಮೇಲೆ ಚರ್ಮದಲ್ಲಿ ಇನ್ನೂ ಪಸೆ ಇರುವಾಗಲೇ ಈ ಲೋಷನ್, ಅದರ ಮೇಲೆ ಒಂದೆರಡು ಹನಿ ಎಣ್ಣೆ. ಚೆನ್ನಾಗಿ ನೀರು ಕುಡಿಯಿರಿ. ದಿನಾ ಮಾಡಬೇಕು, ಒಂದು ದಿನವೂ ತಪ್ಪಿಸಬಾರದು, ಲೋಷನ್ ಧಾರಾಳವಾಗಿ ಹಚ್ಚಿ.

ಭಾವನಿಗೆ ಕೊನೆಯ ಮಾತು ಮಾತ್ರ ನೆನಪಿತ್ತು. ಆ ಸಂಜೆ ಬಾಟಲಿಯನ್ನು ಪೂರ್ತಿ ಎರಡು ಕಾಲಿಗೆ ಸುರಿದುಕೊಂಡು ಬಚ್ಚಲುಮನೆಯಿಂದ ಹೊರಟರು. ಬಾಗಿಲಿನಿಂದ ಚಪ್ಪಲಿ ಗೂಡಿನವರೆಗೆ ಅವರು ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಆ ದೂರದಲ್ಲಿ ಒಂದು ಹೆಜ್ಜೆಯನ್ನೂ ಅವರು ಎತ್ತಿ ಇಡಲಿಲ್ಲ. ಚಪ್ಪಲಿ ಗೂಡು ತಡೆಯಿತು.

"ರೀ, ಇನ್ನು ಇದು ನಿಮ್ಮ ಕೈಯಲ್ಲಿ ಬೇಡ. ಕಾಲು ಇಲ್ಲಿ ಕೊಡಿ," ಎಂದಳು ಅಕ್ಕ.

ಅಂದಿನಿಂದ ದಿನಾ ಸಂಜೆ ಆರು ಗಂಟೆಗೆ ಅಕ್ಕ ಬೆಂಚಿನ ಮೇಲೆ ಕೂರುವುದು, ಭಾವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಲೋಷನ್ ಹಚ್ಚುವುದು. ಒಂದು ಕಾಲಿಗೆ ಅರ್ಧ ಗಂಟೆ. ಅರ್ಧ ಗಂಟೆ ಒಬ್ಬರ ಕಾಲು ಹಿಡಿದುಕೊಂಡು ಸುಮ್ಮನೆ ಕೂರುವುದು ಯಾರಿಂದ ಸಾಧ್ಯ, ಮಾತು ಶುರುವಾಯಿತು. ಅದುವರೆಗೆ ಅವರಿಬ್ಬರ ಮಾತೆಂದರೆ ಗ್ಯಾಸ್ ಬಂತಾ, ಬೀಗ ಹಾಕಿದೆಯಾ, ಇಷ್ಟೇ. ಈಗ ಅಕ್ಕ ಹುಡುಗಿಯಾಗಿದ್ದಾಗ ಮರದಿಂದ ಬಿದ್ದದ್ದು, ಭಾವ ಶಾಲೆಯ ನಾಟಕದಲ್ಲಿ ಮಾತು ಮರೆತು ಬಾಗಿಲ ಹಿಂದೆ ನಿಂತದ್ದು, ಎಲ್ಲ ಹೊರಗೆ ಬಂತು. ಅಕ್ಕ ನಗುವ ಸದ್ದು ನನ್ನ ಮಹಡಿಯವರೆಗೆ ಕೇಳುತ್ತಿತ್ತು. ಅವಳು ಹಾಗೆ ನಗುತ್ತಾಳೆಂದು ತಮ್ಮನಾದ ನನಗೂ ಮರೆತುಹೋಗಿತ್ತು. ಕೇಳಿ ಬಹಳ ಸಂತೋಷವಾಯಿತು.

ಲೋಷನ್ ಬೇಗ ಹಿಡಿಯಲಿ ಎಂದು ರಜಾ ದಿನ ಕಾಲಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಾಲ್ಕನಿಯಲ್ಲಿ ಸ್ಟೂಲಿನ ಮೇಲೆ ಇಟ್ಟುಕೊಳ್ಳುವುದು ಭಾವನ ಸ್ವಂತ ಸಂಶೋಧನೆ. ಎದುರುಮನೆಯಲ್ಲಿ ಒಬ್ಬ ನಿವೃತ್ತ ಸರ್ವೇಯರಿದ್ದಾರೆ. ಅಳೆಯುವುದಕ್ಕೆ ಈಗ ಜಮೀನು ಇಲ್ಲದ್ದರಿಂದ ನೆರೆಹೊರೆಯವರನ್ನು ಅಳೆಯುತ್ತಾರೆ. ದಿನಾ ಔಷಧಿ ಅಂಗಡಿಯ ಚೀಲ ಬರುವುದು, ಸುತ್ತಿಟ್ಟ ಕಾಲು, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ ಅಕ್ಕ, ಮೂರನ್ನೂ ಕೂಡಿಸಿ ಅವರು ಒಂದು ತೀರ್ಮಾನಕ್ಕೆ ಬಂದರು. ಭಾನುವಾರ ಬೆಳಗ್ಗೆ ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಜೊತೆ ಊರುಗೋಲು.

"ನಮ್ಮ ತಂದೆಯವರದ್ದು," ಎಂದರು ತಗ್ಗಿದ ದನಿಯಲ್ಲಿ. "ಮನೇಲಿ ಸುಮ್ನೆ ಬಿದ್ದಿತ್ತು. ನಿಮಗೆ ಬೇಕಾಗುತ್ತೆ. ಎಷ್ಟು ದಿನ ಟೈಮ್ ಕೊಟ್ಟಿದಾರೆ?"

"ಹತ್ತನೇ ತಾರೀಕಿನವರೆಗೆ," ಎಂದರು ಭಾವ. ಕಾರ್ಖಾನೆಯ ವಿಷಯ ಇವರಿಗೆ ಹೇಗೆ ಗೊತ್ತಾಯಿತು ಎಂದು ಅವರು ಕೇಳಲೇ ಇಲ್ಲ.

"ಆಮೇಲೆ?"

"ಆಮೇಲೇನು, ಸರಿಹೋಗದಿದ್ರೆ ಗೊಂಬೆ ಕಾಲು ಇಡ್ತಾರಂತೆ."

ಸರ್ವೇಯರು ಭಾವನ ಭುಜ ಗಟ್ಟಿಯಾಗಿ ಹಿಡಿದುಕೊಂಡರು. "ಯಾರು ಹೇಳಿದ್ದು?"

"ಮ್ಯಾನೇಜರು."

"ಇಂಥದ್ದನ್ನೂ ಈಗ ಮ್ಯಾನೇಜರೇ ತೀರ್ಮಾನ ಮಾಡ್ತಾರಾ? ಕಾಲ ಕೆಟ್ಟುಹೋಯ್ತು ಬಿಡಿ." ಅವರು ಊರುಗೋಲು ಗೋಡೆಗೆ ಒರಗಿಸಿ ಹೋದರು. ಸಂಜೆಯ ಹೊತ್ತಿಗೆ ಬೀದಿಯವರೆಲ್ಲ ಒಬ್ಬೊಬ್ಬರಾಗಿ ಬಂದು, ಹಣ್ಣು ಇಟ್ಟು, ಭಾವನ ಮುಖ ನೋಡದೆ ಹೋದರು. ಹಣ್ಣು ಒಳ್ಳೆಯದಿತ್ತು. ನಾವು ಮೂವರೂ ಅದನ್ನು ತಿಂದೆವು, ಕಾರಣ ಯಾರಿಗೂ ತಿಳಿಯಲಿಲ್ಲ.

ಐದು ವಾರವಾಗುವ ಹೊತ್ತಿಗೆ ಕಾಲು ಹೊರಗೆ ಬಂತು. ಹೊರಗೆ ಬಂತು ಎಂದೇ ಹೇಳಬೇಕು, ಏಕೆಂದರೆ ಅದು ಅಷ್ಟು ವರ್ಷ ಒಳಗೆಲ್ಲೋ ಇದ್ದಂತಿತ್ತು. ನುಣುಪು, ಒಂದೇ ಬಣ್ಣ, ಬೆಳಕು ಬಿದ್ದರೆ ಸಣ್ಣ ಹೊಳಪು. ಭಾವ ಮೊಣಕಾಲು ಕಾಣುವ ಚಡ್ಡಿ ಹಾಕಿಕೊಂಡು ಹಾಲು ತರಲು ಹೊರಟರು. ಹಾಲಿನ ಅಂಗಡಿ ಎಡಗಡೆಗೆ. ಅವರು ಬಲಗಡೆಯಿಂದ ಇಡೀ ಬೀದಿ ಸುತ್ತಿ ಹೋದರು. ಸರ್ವೇಯರು ಗೇಟಿನಲ್ಲಿ ನಿಂತು, ಬಗ್ಗಿ, ಬೆರಳಗಂಟಿನಿಂದ ಕಾಲನ್ನು ಟಕ ಟಕ ಬಡಿದು ನೋಡಿದರು.

"ಏನು ಕೆಲಸ ರೀ," ಎಂದರು ಗದ್ಗದವಾಗಿ. "ಎಲ್ಲಿ ಜೋಡಿಸಿದಾರೆ ಅಂತಾನೇ ಗೊತ್ತಾಗಲ್ಲ. ಮಡಚೋಕೆ ಬರುತ್ತಾ?"

ಭಾವ ಮಡಚಿ ತೋರಿಸಿದರು. ಬೀದಿ ಚಪ್ಪಾಳೆ ತಟ್ಟಿತು.

ಹತ್ತನೇ ತಾರೀಕು ಫೋಟೋ ಆಯಿತು. ಫೋಟೋದವನು ನೂರಾ ಎಂಟು ಸಲ ಗುಂಡಿ ಒತ್ತಿ, ಹೋಗುವಾಗ ತನ್ನ ಹೆಂಡತಿಗೆ ತೋರಿಸಲು ಲೋಷನ್ನಿನ ಹೆಸರು ಬರೆದುಕೊಂಡ. ಹೊಸ ಡಬ್ಬಿ ಬಂತು. ಮೇಲೆ ಭಾವನ ಕಾಲು, ಕೆಳಗೆ ಮ್ಯಾನೇಜರು ಸ್ವತಃ ರಚಿಸಿದ ಸಾಲು: 'ಈ ಕಾಲು ಒಪ್ಪಿದ ಮೇಲೆ ಬೇರೆ ಮಾತಿಲ್ಲ.'

ಅದೇ ಹೊತ್ತಿಗೆ ಕಾರ್ಖಾನೆಯಲ್ಲಿ ಇನ್ನೊಂದು ಪವಾಡ ನಡೆಯುತ್ತಿತ್ತು. ಮೊದಲು ಐದು ಕಟ್ಟಿಗೆ ಒಂದನ್ನಾದರೂ ಭಾವ ವಾಪಸ್ ಕಳಿಸುತ್ತಿದ್ದರು. ಈಗ ಒಂದೂ ವಾಪಸ್ ಹೋಗಲಿಲ್ಲ. ದಿನಗಟ್ಟಲೆ, ವಾರಗಟ್ಟಲೆ, ಎಲ್ಲವೂ ಒಪ್ಪಿದೆ, ಒಪ್ಪಿದೆ, ಒಪ್ಪಿದೆ. ಹೆಣಿಗೆ ವಿಭಾಗದ ಮೇಸ್ತ್ರಿ ಇಪ್ಪತ್ತು ವರ್ಷ ಭಾವನನ್ನು ಕಂಡರೆ ಮುಖ ಸಿಂಡರಿಸುತ್ತಿದ್ದವರು, ಬಂದು ತಬ್ಬಿಕೊಂಡರು. "ಕೊನೆಗೂ ನನ್ನ ಕೆಲಸ ನಿಮಗೆ ಅರ್ಥ ಆಯ್ತಲ್ಲ ಸಾಹೇಬ್ರೇ." ಮ್ಯಾನೇಜರು ಗೋಡೆಯ ಮೇಲೆ ನಕ್ಷೆ ಹಾಕಿ, ಇದು ತಮ್ಮ ಆಡಳಿತದ ಫಲ ಎಂದು ಬಣ್ಣ ತುಂಬಿದರು. ಆ ಉತ್ಸಾಹದಲ್ಲೇ ದೊಡ್ಡಾಸ್ಪತ್ರೆಯೊಂದರ ಎಂಟು ನೂರು ನರ್ಸುಗಳಿಗೆ ಕಾಲುಚೀಲ ಒದಗಿಸುವ ಕೆಲಸವನ್ನೂ ಹಿಡಿದುಕೊಂಡು ಬಂದರು.

ಮೊದಲನೆಯ ಪತ್ರ ಒಂದು ಬುಧವಾರ ನನ್ನ ಮೇಜಿಗೆ ಬಂತು. ವಿಳಾಸ ತಪ್ಪಿ ಬಂದಿರಬೇಕೆಂದು ಅಂಚೆಯವನಿಗೆ ವಾಪಸ್ ಕೊಟ್ಟೆ. ಅವನು ಓದಿ, "ಇಲ್ಲ ಸಾರ್, ನಿಮಗೇ ಬೈದಿರೋದು," ಎಂದ. ಗುರುವಾರ ಒಂಬತ್ತು ಬಂತು. ಸೋಮವಾರ ಗೋಣಿಚೀಲದಲ್ಲಿ ಬಂತು.

ಒಬ್ಬ ಕಂಡಕ್ಟರಮ್ಮ ಬರೆದಿದ್ದರು: ಮೊದಲ ನಿಲ್ದಾಣದಲ್ಲಿ ಹೊಸ ಚೀಲ ಹಾಕಿಕೊಂಡೆ, ನಾಲ್ಕನೆಯ ನಿಲ್ದಾಣದಲ್ಲಿ ಪಾದ ಮಾತ್ರ ಉಳಿದಿತ್ತು. ಒಬ್ಬ ನರ್ಸು ಬರೆದಿದ್ದರು: ದಾರ ಎದ್ದದ್ದು ಗೊತ್ತಾಗದೆ ವಾರ್ಡು ಪೂರ್ತಿ ಸುತ್ತಿ ಬಂದೆ, ಹನ್ನೆರಡನೆಯ ಹಾಸಿಗೆಯ ಅಜ್ಜ ಆ ದಾರವನ್ನು ಉಂಡೆ ಕಟ್ಟಿಕೊಂಡು ನನ್ನ ಹಿಂದೆಯೇ ಬಂದಿದ್ದರು, ಅವರು ಎದ್ದು ನಡೆದದ್ದು ಒಳ್ಳೆಯದೇ ಆಯಿತು, ಆದರೂ ನನಗೆ ಹೊಸ ಚೀಲ ಬೇಕು. ಪದಬಂಧ ಮೂರು ವಾರದ್ದು ಬಾಕಿ ಬಿತ್ತು. ನನ್ನ ಬದುಕಿನಲ್ಲಿ ಮೊದಲ ಸಲ ಶಾಯಿ ತರಿಸಬೇಕಾಯಿತು.

ವಿಚಾರಣೆ ಶುರುವಾಯಿತು. ದಾರ ಕೊಡುವವರನ್ನು ಕರೆಸಿ ಬೈದರು. ನೀರು ಪರೀಕ್ಷೆಗೆ ಹೋಯಿತು. ಒಬ್ಬ ಇಂಜಿನಿಯರು ಬಂದು ಮೂರನೆಯ ಯಂತ್ರ ಬಿಚ್ಚಿ, ತಿರುಗಿ ಜೋಡಿಸಿದಾಗ ಹನ್ನೊಂದು ಬಿಡಿಭಾಗ ಮಿಕ್ಕವು. ಯಂತ್ರ ಮೊದಲಿಗಿಂತ ಚೆನ್ನಾಗಿ ಓಡಿತು, ಚೀಲ ಮಾತ್ರ ಹಾಗೇ. ಪ್ರತಿ ಸಲವೂ ಕೊನೆಗೆ ಭಾವನನ್ನು ಕರೆಸುವರು. ದೂರು ಬಂದ ಕಟ್ಟಿನ ಇನ್ನೊಂದು ಚೀಲ ಹಾಕಿಕೊಂಡು ಭಾವ ಹದಿನಾಲ್ಕು ಮೆಟ್ಟಿಲು ಹತ್ತಿ ಇಳಿಯುವರು. ಬೆಳಕಿಗೆ ಹಿಡಿದರೆ ಒಂದು ಎಳೆ ಅಲುಗಿರುತ್ತಿರಲಿಲ್ಲ.

"ಒಪ್ಪಿದೆ," ಎನ್ನುವರು ಭಾವ, ಪ್ರಾಮಾಣಿಕವಾಗಿ.

ಆಗ ಮ್ಯಾನೇಜರಿಗೆ ಮತ್ತೊಂದು ಯೋಚನೆ ಬಂತು. "ಚೀಲ ಸರಿ ಇದೆ, ಯಂತ್ರ ಸರಿ ಇದೆ, ನೀರು ಸರಿ ಇದೆ. ಹಾಗಾದ್ರೆ ಉಳಿದದ್ದೇನು? ಗ್ರಾಹಕರ ಕಾಲು. ಬರೀರಿ."

ನಾನು ಬರೆದೆ. ಸಂಬಳ ತೆಗೆದುಕೊಳ್ಳುವವನು ಇನ್ನೇನು ಮಾಡಲಿ. 'ಮಾನ್ಯ ಗ್ರಾಹಕರೇ, ತಾವು ದೂರಿದ ಕಾಲುಚೀಲದ ಕಟ್ಟನ್ನು ಕಂಪನಿಯ ಅಧಿಕೃತ ಕಾಲಿನ ಮೇಲೆ ಮರುಪರೀಕ್ಷೆಗೆ ಒಳಪಡಿಸಲಾಗಿ ಯಾವುದೇ ದೋಷವು ಕಂಡುಬಂದಿರುವುದಿಲ್ಲ. ಆದಕಾರಣ ದೋಷವು ತಮ್ಮ ಕಾಲಿನಲ್ಲಿಯೇ ಇರುವ ಸಾಧ್ಯತೆಯನ್ನು ತಾವು ಪರಿಶೀಲಿಸಿಕೊಳ್ಳತಕ್ಕದ್ದು.' ಮುನ್ನೂರ ಹನ್ನೆರಡು ಪ್ರತಿ ಹೋದವು.

ಮೂರನೆಯ ದಿನ ದೊಡ್ಡಾಸ್ಪತ್ರೆಯ ಮೇಟ್ರನ್ ಆ ಪತ್ರ ಹಿಡಿದುಕೊಂಡು ಬಂದರು. ಬಿಳಿಯ ಉಡುಪು, ಗಟ್ಟಿ ಹೆಜ್ಜೆ. ಜೊತೆಯಲ್ಲೇ ಕಂಪನಿಯ ದೊಡ್ಡ ಯಜಮಾನಿಯೂ ಬಂದರು. ಕಾರ್ಖಾನೆ ಕಟ್ಟಿದ ಯಜಮಾನರ ಹೆಂಡತಿ ಅವರು. ಎಂಬತ್ತೆರಡು ವರ್ಷ, ವರ್ಷಕ್ಕೊಮ್ಮೆ ಮಾತ್ರ ಬರುವವರು, ಅವರನ್ನು ಮೇಟ್ರನ್ನೇ ಮನೆಗೆ ಹೋಗಿ ಕರೆತಂದಿದ್ದರು.

"ನಮ್ಮ ಎಂಟು ನೂರು ನರ್ಸುಗಳ ಕಾಲು ಸರಿಯಿಲ್ಲ ಅಂತ ಬರೆದವರು ಯಾರು?" ಎಂದು ಕೇಳಿದರು ಮೇಟ್ರನ್.

ಮ್ಯಾನೇಜರು ನನ್ನ ಕಡೆ ನೋಡಿದರು. ನಾನು ಮೇಸ್ತ್ರಿಯ ಕಡೆ ನೋಡಿದೆ. ಮೇಸ್ತ್ರಿ ಯಂತ್ರದ ಕಡೆ ನೋಡಿದರು. ಯಜಮಾನಿ ಯಾರ ಕಡೆಯೂ ನೋಡದೆ, ಭಾವನ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕುಳಿತು, "ಪ್ಯಾಂಟು ಮಡಚಪ್ಪ," ಎಂದರು.

ಭಾವ ಹೆಮ್ಮೆಯಿಂದ ಮಡಚಿದರು. ಯಜಮಾನಿ ಕಾಲಿನ ಮೇಲೆ ಅಂಗೈ ಆಡಿಸಿದರು, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಅವರ ಮುಖ ಇಳಿದುಹೋಯಿತು.

"ಇದನ್ನ ಹಾಳು ಮಾಡಿದವರು ಯಾರು?"

ಯಜಮಾನಿಯೇ ಮುಂದುವರಿಸಿದರು. "ಇವನನ್ನ ಕೆಲಸಕ್ಕೆ ತಗೊಂಡ ದಿನ ನಾನೂ ಇದ್ದೆ. ನೂರಿಪ್ಪತ್ತು ಜನ ಸಾಲಲ್ಲಿ ನಿಂತಿದ್ರು. ನಮ್ಮೆಜಮಾನ್ರು ಯಾರ ಓದೂ ಕೇಳಲಿಲ್ಲ, ಎಲ್ಲರ ಪ್ಯಾಂಟೂ ಮಡಚಿಸಿದ್ರು. ಇವನ ಕಾಲು ಮುಟ್ಟಿ, ಕೈ ಗೀರಿಸಿಕೊಂಡು, ಸಿಕ್ಕಿದ ಅಂದ್ರು. ಈ ಕಾಲ ಮೇಲೆ ಹದಿನಾಲ್ಕು ಮೆಟ್ಟಿಲು ತಾಳಿದ ಚೀಲ ಯಾರ ಕಾಲ ಮೇಲಾದ್ರೂ ವರ್ಷ ತಾಳುತ್ತೆ ಅಂತ. ಕಂಪನಿ ನಿಂತಿದ್ದು ಯಂತ್ರದ ಮೇಲಲ್ಲ, ಈ ಚರ್ಮದ ಮೇಲೆ. ಅದನ್ನ ನೀವು ಬೆಣ್ಣೆ ಮಾಡಿ ಕೂರಿಸಿದೀರಿ."

ಭಾವನಿಗೆ ಇಪ್ಪತ್ತೆರಡು ವರ್ಷದಲ್ಲಿ ಇದು ಗೊತ್ತೇ ಇರಲಿಲ್ಲ. ತಮ್ಮ ಕಣ್ಣು ಚುರುಕು ಎಂದು ಕೆಲಸ ಕೊಟ್ಟಿದ್ದಾರೆಂದು ಅವರು ತಿಳಿದಿದ್ದರು.

ಮೇಟ್ರನ್ ಒಂದು ತಿಂಗಳು ಕಾಯುತ್ತೇನೆ ಎಂದರು. ಅಷ್ಟರಲ್ಲಿ ತಾಳುವ ಚೀಲ ಕೊಡದಿದ್ದರೆ ಬೇರೆ ಕಂಪನಿ. ಯಜಮಾನಿ ಭಾವನಿಗೂ ಅ‍ದೇ ಗಡುವು ಕೊಟ್ಟರು. "ತಿಂಗಳೊಳಗೆ ಕಾಲು ಮೊದಲಿನ ಹಾಗಾಗಬೇಕು. ಇಲ್ಲದಿದ್ರೆ ಮತ್ತೆ ನೂರಿಪ್ಪತ್ತು ಜನರನ್ನ ನಿಲ್ಲಿಸಬೇಕಾಗುತ್ತೆ, ಬೇಜಾರು ಮಾಡ್ಕೋಬೇಡ."

ಮನೆಯಲ್ಲಿ ಸುದ್ದಿ ಹೇಳಿದಾಗ ಅಕ್ಕ ಲೋಷನ್ ಬಾಟಲಿ ಮುಚ್ಚಿ ಕಪಾಟಿನ ಮೇಲಿನ ಅರೆಯಲ್ಲಿಟ್ಟಳು. ಬಟ್ಟೆ ಸೋಪಿನ ಹೊಸ ತುಂಡು ತಂದು ಬಚ್ಚಲಿನಲ್ಲಿಟ್ಟಳು. "ಹೊಟ್ಟೆಪಾಡು ರೀ. ಕೆಲಸ ಮುಖ್ಯ," ಎಂದಳು. ಆ ಸಂಜೆ ಆರು ಗಂಟೆಗೆ ಭಾವ ಬೆಂಚಿನ ಮೇಲೆ ಒಬ್ಬರೇ ಕುಳಿತಿದ್ದರು, ಅಕ್ಕ ಒಳಗೆ ಈಗಾಗಲೇ ತೊಳೆದಿದ್ದ ಪಾತ್ರೆಗಳನ್ನು ಮತ್ತೆ ತೊಳೆಯುತ್ತಿದ್ದಳು. ಭಾವ ಅಡುಗೆಮನೆಯ ಕಡೆ ನೋಡಿ, "ಗ್ಯಾಸ್ ಬಂತಾ?" ಎಂದು ಕೇಳಿದರು. "ಬಂತು," ಎಂದಳು ಅಕ್ಕ. ಕೇಳಿಸಿಕೊಂಡ ನನಗೆ ನಿಜವಾಗಿಯೂ ದುಃಖವಾಯಿತು. ನನ್ನ ಪದಬಂಧ ಹೋದದ್ದಕ್ಕಿಂತ ಹೆಚ್ಚು ದುಃಖ.

ಇತ್ತ ಮ್ಯಾನೇಜರು 'ಒರಟು ಕಾರ್ಯಕ್ರಮ' ಎಂಬ ಹೆಸರಿನಲ್ಲಿ ವೇಳಾಪಟ್ಟಿ ತಯಾರಿಸಿದರು. ದಿನಕ್ಕೆ ಎರಡು ಸಲ ಬಟ್ಟೆ ಸೋಪು, ಸುಡುನೀರು, ಆಮೇಲೆ ಅರ್ಧ ಗಂಟೆ ಗಾಳಿಗೆ ನಿಲ್ಲುವುದು. ನೀರು ಕುಡಿಯುವುದಕ್ಕೂ ಮಿತಿ ಹಾಕಿದ್ದರು, ಅದನ್ನು ಮಾತ್ರ ಅಕ್ಕ ಹರಿದು ಹಾಕಿದಳು. ಮೇಸ್ತ್ರಿ ಎರಡು ದಿನಕ್ಕೊಮ್ಮೆ ಮನೆಗೆ ಬಂದು ಒಂದು ಚೀಲ ಕೊಟ್ಟು, ಭಾವ ಮುಂದೆ ಚಾಚಿದ ಕಾಲಿಗೆ ಹಾಕಿಸಿ, ದಾರ ಏಳುತ್ತದೆಯೇ ನೋಡಿಕೊಂಡು ಹೋಗುತ್ತಿದ್ದರು. ಮೊದಲ ವಾರ ಒಂದೂ ಏಳಲಿಲ್ಲ. ಎರಡನೆಯ ವಾರ ಒಂದು ಎದ್ದಿತು, ಮೇಸ್ತ್ರಿ ಕಣ್ಣಿಗೊತ್ತಿಕೊಂಡರು. ಭಾವ ಹಿತ್ತಿಲ ಸಿಮೆಂಟು ಗೋಡೆಗೆ ಕಾಲು ಉಜ್ಜುವುದನ್ನು ಕಂಡ ಸರ್ವೇಯರು ನನ್ನನ್ನು ತಡೆದು, "ಗೊಂಬೆ ಕಾಲಿಗೂ ತುರಿಕೆ ಬರುತ್ತಾ?" ಎಂದು ಕೇಳಿದರು. ಒಳ್ಳೆಯ ಕಂಪನಿಯದ್ದಾದರೆ ಬರುತ್ತದೆ ಎಂದೆ.

ಈ ನಡುವೆ ನನಗೆ ಎರಡು ವಿಷಯ ಕಂಡವು, ಆದರೆ ಎರಡನ್ನೂ ನಾನು ಕೂಡಿಸಲಿಲ್ಲ. ಒಂದು, ಭಾವ ಮನೆಯಲ್ಲೂ ಉದ್ದ ಪ್ಯಾಂಟನ್ನೇ ಹಾಕತೊಡಗಿದರು. ಇನ್ನೊಂದು, ಎರಡನೆಯ ವಾರದಿಂದ ಸಂಜೆ ಕೆಳಗಿನಿಂದ ಅಕ್ಕನ ನಗು ಮತ್ತೆ ಕೇಳತೊಡಗಿತು. ಲೋಷನ್ ಇಲ್ಲದೆಯೂ ನಗುವುದನ್ನು ಕಲಿತರಲ್ಲ, ಒಳ್ಳೆಯದಾಯಿತು ಎಂದುಕೊಂಡೆ.

ಗಡುವಿನ ದಿನ ತಪಾಸಣೆ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಯಜಮಾನಿ, ಮೇಟ್ರನ್, ಮ್ಯಾನೇಜರು, ಮೇಸ್ತ್ರಿ, ಕೊನೆಯಲ್ಲಿ ಬಾಕಿ ದೂರುಗಳ ಗೋಣಿಚೀಲದ ಮೇಲೆ ನಾನು. ಭಾವ ಬಲಗಾಲಿನ ಪ್ಯಾಂಟು ಮಡಚಿದರು. ಹಳೆಯ ಸ್ನೇಹಿತನನ್ನು ಕಂಡಂತಾಯಿತು. ಒಣಗಿ, ಬಿಳಿಚಿ, ಪದರ ಪದರವಾಗಿತ್ತು. ಯಜಮಾನಿ ಅಂಗೈ ಆಡಿಸಿ, "ಸ್" ಎಂದು ಕೈ ಹಿಂದಕ್ಕೆ ಎಳೆದುಕೊಂಡು ನಕ್ಕರು.

ಮೊದಲ ಕಟ್ಟಿನ ಚೀಲ ಎರಡನೆಯ ಮೆಟ್ಟಿಲಿಗೇ ಚರ್ರೆಂದಿತು. ವಾಪಸ್. ಎರಡನೆಯದು ಒಂಬತ್ತನೆಯ ಮೆಟ್ಟಿಲಿನಲ್ಲಿ. ವಾಪಸ್. ಮೇಸ್ತ್ರಿಯ ಮುಖ ಹಳೆಯ ಹಾಗೆ ಸಿಂಡರಿಸಿಕೊಂಡಿತು, ಅದನ್ನು ಕಂಡು ನನಗೆ ಹಾಯೆನಿಸಿತು. ಮೂರನೆಯದು ಹದಿನಾಲ್ಕೂ ಹತ್ತಿ ಇಳಿದು, ಬೆಳಕಿಗೆ ಹಿಡಿದಾಗ ಒಂದು ಎಳೆಯೂ ಎದ್ದಿರಲಿಲ್ಲ.

"ಒಪ್ಪಿದೆ," ಎಂದರು ಭಾವ. ಮೇಟ್ರನ್ ತಲೆಯಾಡಿಸಿದರು. ಆದರೆ ಆಕೆ ಎಚ್ಚರದ ಹೆಂಗಸು. "ಯಾವುದಕ್ಕೂ ಇನ್ನೊಂದು ಕಾಲಲ್ಲೂ ನೋಡೋಣ," ಎಂದರು.

ಭಾವನ ಮುಖ ಬಿಳುಚಿಕೊಂಡಿತು. "ಅದು ಬೇಡ ಮೇಡಂ. ಆ ಕಾಲಿಗೆ ನೋವು."

"ನೋವಾ? ನಾನು ನೋಡ್ತೀನಿ," ಎಂದರು ಮೇಟ್ರನ್. ಇಡೀ ಆಯುಷ್ಯ ಆಸ್ಪತ್ರೆಯಲ್ಲಿ ಕಳೆದವರಿಗೆ ಹೇಳಬಾರದ ಸುಳ್ಳು ಅದು. ಅವರು ಬಗ್ಗಿ, ಒಂದೇ ಸಲಕ್ಕೆ ಎಡಗಾಲಿನ ಪ್ಯಾಂಟು ಮೊಣಕಾಲಿಗೆ ಏರಿಸಿಬಿಟ್ಟರು.

ಕಿಟಕಿಯ ಬೆಳಕು ನೇರವಾಗಿ ಅದರ ಮೇಲೆ ಬಿತ್ತು. ನುಣುಪು, ಹೊಳಪು, ಒಂದು ಬಿರುಕಿಲ್ಲ. ಡಬ್ಬಿಯ ಮೇಲಿನ ಫೋಟೋಗಿಂತಲೂ ಚೆನ್ನಾಗಿತ್ತು.

"ಏನ್ರೀ ಇದು, ಮೋಸ," ಎಂದರು ಮ್ಯಾನೇಜರು. "ಕಂಪನಿ ವೇಳಾಪಟ್ಟಿ ಎರಡು ಕಾಲಿಗೂ ಅನ್ವಯಿಸುತ್ತೆ. ಕದ್ದು ಲೋಷನ್ ಹಚ್ಚಿದೀರಿ."

ಭಾವ ಎದ್ದು ನಿಂತರು. ಎರಡೂ ಕಡೆ ಪ್ಯಾಂಟು ಮೇಲೆ, ಕೆಳಗೆ ಇಬ್ಬರು ಬೇರೆ ಬೇರೆ ಮನುಷ್ಯರ ಕಾಲು. ಅವರು ಮ್ಯಾನೇಜರಿಗೆ ಎದುರು ಮಾತಾಡಿದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕಂಡಿರಲಿಲ್ಲ.

"ಸಾರ್, ಚೀಲ ನೋಡೋಕೆ ಬೇಕಾಗೋದು ಒಂದು ಕಾಲು. ಅದನ್ನ ಕಂಪನಿಗೆ ಕೊಟ್ಟಿದೀನಿ, ಗೋಡೆಗೆ ಉಜ್ಜಿ ಕೊಟ್ಟಿದೀನಿ. ಇದು ನನ್ನ ಹೆಂಡತಿದು. ಸಂಜೆ ಅರ್ಧ ಗಂಟೆ ನಾವಿಬ್ರೂ ಕೂತು ಮಾತಾಡೋದು ಇದರಿಂದ. ಕೆಲಸ ತೆಗೀತೀರಾದ್ರೆ ತೆಗೀರಿ. ಇದನ್ನ ಕೊಡೋಕಾಗಲ್ಲ."

ಯಜಮಾನಿ ಭಾವನ ಎಡಗಾಲನ್ನು ನೋಡಿದರು, ಬಲಗಾಲನ್ನು ನೋಡಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಎಂಬತ್ತೆರಡು ವರ್ಷದ ಹೆಂಗಸು ಅಷ್ಟು ನಗುವುದನ್ನು ನಾನು ಕಂಡಿಲ್ಲ. ಮೇಟ್ರನ್ ನೀರು ಕುಡಿಸಬೇಕಾಯಿತು.

"ಮ್ಯಾನೇಜ್ರೇ, ಬರ್ಕೊಳ್ಳಿ," ಎಂದರು ಕಣ್ಣೊರೆಸಿಕೊಂಡು. "ಬಲಗಾಲು ಕಂಪನಿದು. ಎಡಗಾಲಿನ ವಿಷಯದಲ್ಲಿ ಕಂಪನಿ ತಲೆ ಹಾಕಬಾರದು."

ಮೇಟ್ರನ್ ಎಂಟು ನೂರು ನರ್ಸುಗಳ ಕಾಗದಕ್ಕೆ ರುಜು ಹಾಕಿದರು. ಬಾಗಿಲ ಬಳಿ ಭಾವನನ್ನು ನಿಲ್ಲಿಸಿ ಮೆಲ್ಲಗೆ, "ಲೋಷನ್ ಹೆಸರು ಏನಂದ್ರಿ?" ಎಂದು ಕೇಳಿ ಅಂಗೈ ಮೇಲೆ ಬರೆದುಕೊಂಡರು.

ಮ್ಯಾನೇಜರು ಅದನ್ನು ಸುತ್ತೋಲೆಯಾಗಿ ಹೊರಡಿಸಿದರು. 'ವಿಷಯ: ತಪಾಸಕರ ಕಾಲುಗಳ ಹಂಚಿಕೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ನೌಕರರ ಬಲಗಾಲು ಅವರ ನಿವೃತ್ತಿಯ ದಿನದವರೆಗೆ ಕಂಪನಿಯ ಉಪಯೋಗಕ್ಕೆ ಒಳಪಟ್ಟಿದ್ದು, ಎಡಗಾಲು ಕುಟುಂಬದ ವಶದಲ್ಲಿರತಕ್ಕದ್ದು.' ನಾನೇ ಬೆರಳಚ್ಚು ಮಾಡಿದೆ. ಒಂದು ಪ್ರತಿಯನ್ನು ಅಕ್ಕನಿಗೆ ತೋರಿಸೋಣವೆಂದು ಸಂಜೆ ಕೆಳಗಿಳಿದು ಬಾಗಿಲು ತಟ್ಟಿದೆ. ಆರು ಗಂಟೆ ದಾಟಿ ಹತ್ತು ನಿಮಿಷವಾಗಿತ್ತು.

ಅಕ್ಕ ಬಾಗಿಲು ಅರ್ಧ ತೆರೆದಳು. ಕೈಯೆಲ್ಲ ಲೋಷನ್. ನಾನು ಕಾಗದವನ್ನು ಅವಳ ಕಣ್ಣಿಗೆ ಹಿಡಿದೆ, ಅವಳು ನಿಂತಲ್ಲೇ ಎರಡು ಸಲ ಓದಿದಳು.

"ಇವರ ನಿವೃತ್ತಿಗೆ ಇನ್ನೆಷ್ಟು ವರ್ಷ ಕಣೋ?"

"ಏಳು."

ಅವಳು ಬೆರಳು ಮಡಚಿ ಏನೋ ಎಣಿಸಿ, ಒಳಗೆ ತಿರುಗಿ, "ರೀ, ಕೇಳಿದ್ರಾ, ಏಳೇ ವರ್ಷ, ಆಮೇಲೆ ಅದೂ ನಂದೇ," ಎಂದು ನನ್ನ ಮುಖದ ಮೇಲೇ ಬಾಗಿಲು ಹಾಕಿಕೊಂಡಳು.